ತಮ್ಮನ ಮೊಳ

ತಟ್ಟೆ ಬಾಗಿಲಿಗೆ ಬಂದ ಗಳಿಗೆಯಲ್ಲೇ ಅಕ್ಕನಿಗೆ ತಿಳಿಯಿತು, ತಮ್ಮ ಇನ್ನಿಲ್ಲ ಎಂದು. ಯಾರೂ ಬಾಯಿ ಬಿಟ್ಟು ಹೇಳಬೇಕಾಗಲಿಲ್ಲ.

ಬೆಳಗಿನ ಹತ್ತು ಗಂಟೆಯ ಹೊತ್ತು. ಅಕ್ಕ ತನ್ನ ಹೊಲಿಗೆ ಅಂಗಡಿಯಲ್ಲಿ ಯಾರದೋ ಕೋಟಿನ ಕಾಲರಿಗೆ ಇಸ್ತ್ರಿ ಒತ್ತುತ್ತಿದ್ದಳು. ಬಾಗಿಲಲ್ಲಿ ನೆರಳು ಬಿತ್ತು. ತಲೆಯೆತ್ತಿದರೆ ಡಾಕ್ಟರಮ್ಮ. ಇವರು ಜ್ವರ ಕೆಮ್ಮಿನ ಡಾಕ್ಟರಲ್ಲ. ಸರೋವರದ ದಡದ ಸಂಶೋಧನಾ ಕೇಂದ್ರಕ್ಕೆ ಮುಖ್ಯಸ್ಥರು. "ನೀರಿನ ನಾಡಿ ಹಿಡಿಯೋರು, ಅದಕ್ಕೇ ಡಾಕ್ಟರಮ್ಮ" ಎಂದು ತಮ್ಮನೇ ಇಟ್ಟ ಹೆಸರು ಊರಿಗೆಲ್ಲ ಹರಡಿತ್ತು. ಅವರ ಉಡುಪು ಮೊಣಕಾಲಿನವರೆಗೆ ಒದ್ದೆಯಾಗಿತ್ತು. ಎರಡು ಕೈಯಿಂದ ಎದೆಗೊತ್ತಿ ಹಿಡಿದುಕೊಂಡಿದ್ದದ್ದು ಒಂದು ಬಿಳಿ ಎನಾಮಲ್ ತಟ್ಟೆ. ಅಂಚಿಗೆ ನೀಲಿ ಗೆರೆ, ನಟ್ಟನಡುವೆ ಒಂದು ತೂತು, ತೂತಿನಿಂದ ಇಳಿಬಿದ್ದ ಹಗ್ಗ.

ಮೂವತ್ತೊಂದು ವರ್ಷದ ಹಿಂದೆ ಆ ತಟ್ಟೆ ಅಕ್ಕನ ಅಡುಗೆಮನೆಯಲ್ಲಿತ್ತು. ತಮ್ಮ ಅದನ್ನು ಕೇಳದೆ ಒಯ್ದು, ನಡುವೆ ತೂತು ಕೊರೆದು, ಸರೋವರಕ್ಕೆ ಇಳಿಸಿದ್ದ. ಅಂದಿನಿಂದ ಅದನ್ನು ಅವನು ಬೇರೆಯವರ ಕೈಗೆ ಕೊಟ್ಟದ್ದಿಲ್ಲ. ಈಗ ಅದು ಬೇರೆಯವರ ಕೈಯಲ್ಲಿತ್ತು. ಅಕ್ಕ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು. ಅಷ್ಟು ದುಃಖದಲ್ಲೂ ಬೇರೆಯವರ ಕೋಟು ಸುಡಬಾರದೆಂಬ ಎಚ್ಚರ ಅವಳ ಕೈಗಿತ್ತು.

"ಹೇಗಾಯ್ತು?" ಎಂದಳು.

"ದೋಣಿಯಲ್ಲೇ ಅಕ್ಕ. ನಾನು ಎದುರಿಗೇ ಕೂತಿದ್ದೆ." ಡಾಕ್ಟರಮ್ಮ ತಟ್ಟೆಯನ್ನು ಮೇಜಿನ ಮೇಲಿಟ್ಟರು. "ತಟ್ಟೆ ಇಳಿಸಿದ್ರು. 'ಹೋಯ್ತು' ಅಂದ್ರು. ನಾನು ಬರ್ಕೊಂಡೆ. 'ಬಂತು' ಅನ್ನಲಿ ಅಂತ ಪೆನ್ನು ಹಿಡಿದು ಕಾಯ್ತಾ ಇದ್ದೆ. ಅನ್ನಲೇ ಇಲ್ಲ. ತಲೆ ಎತ್ತಿ ನೋಡ್ತೀನಿ, ದೋಣಿಯಂಚಿಗೆ ಒರಗಿಬಿಟ್ಟಿದಾರೆ. ಹಗ್ಗ ಮಾತ್ರ ಕೈಯಿಂದ ಬಿಟ್ಟಿರಲಿಲ್ಲ."

ಕೇಂದ್ರದ ದೋಣಿಯವನಾಗಿದ್ದ ತಮ್ಮನ ಕೆಲಸದ ಬಗೆ ಹೀಗಿತ್ತು. ವಾರಕ್ಕೊಮ್ಮೆ ಸರೋವರದ ನಡುವೆ ದೋಣಿ ನಿಲ್ಲಿಸಿ ಬಿಳಿ ತಟ್ಟೆಯನ್ನು ಹಗ್ಗದಲ್ಲಿ ಮೆಲ್ಲನೆ ಇಳಿಸುವುದು. ಅದು ಕಣ್ಣಿಗೆ ಮರೆಯಾದ ಕೂಡಲೇ "ಹೋಯ್ತು" ಎನ್ನುವುದು. ಮತ್ತೆ ಮೇಲಕ್ಕೆಳೆದು, ಮಸುಕಾಗಿ ಕಂಡ ಕೂಡಲೇ "ಬಂತು" ಎನ್ನುವುದು. ಎರಡೂ ಆಳಗಳ ಸರಾಸರಿಯೇ ಆ ದಿನದ ನೀರಿನ ತಿಳಿ. ಬೆಳಕು ಎಷ್ಟು ಆಳಕ್ಕೆ ಇಳಿಯುತ್ತದೋ ಅಷ್ಟು ಆಳದವರೆಗೆ ಜೊಂಡು ಬೆಳೆಯುತ್ತದೆ. ಜೊಂಡಿದ್ದಲ್ಲಿ ಮೀನಿನ ಮರಿಗಳಿಗೆ ಮನೆ. ಇದನ್ನು ತಮ್ಮ ಅಕ್ಕನಿಗೆ ಊಟಕ್ಕೆ ಕೂತಾಗಲೆಲ್ಲ ಹೇಳಿ ಹೇಳಿ ಅವಳಿಗೆ ಬಾಯಿಪಾಠವಾಗಿತ್ತು.

"ಹೋಯ್ತು ಅಂದನಾ," ಎಂದಳು ಅಕ್ಕ. "ಒಳ್ಳೇದು. ಹೇಳಿಯೇ ಹೋದ."

ಆಮೇಲೆ ಕೋಟಿನ ಮೇಲೆ ತಲೆಯಿಟ್ಟು ಅತ್ತಳು.

ಕರ್ಮಗಳೆಲ್ಲ ಮುಗಿದು ತಿಂಗಳಾಗಿರಲಿಲ್ಲ, ನೀರು ಮಂಡಳಿಯ ವಿಚಾರಣೆ ಬಂತು. ಸರೋವರದ ತೆಂಕಣ ದಡದಲ್ಲಿ ಬಟ್ಟೆಗೆ ಬಣ್ಣ ಹಾಕುವ ಒಂದು ಕಾರ್ಖಾನೆ ಇಪ್ಪತ್ತು ವರ್ಷದಿಂದ ನಡೆಯುತ್ತಿತ್ತು. ಅದರ ಕೊಳೆನೀರು ಒಂದು ಕೊಳವೆಯಲ್ಲಿ ಸರೋವರಕ್ಕೆ ಬೀಳುತ್ತಿತ್ತು. ಈಗ ಎರಡನೆಯ ಕೊಳವೆಗೆ ಅಪ್ಪಣೆ ಬೇಕೆಂದು ಅರ್ಜಿ. ಒಂದಕ್ಕೇ ಸರೋವರ ಕಂಗಾಲಾಗಿದೆ, ಎರಡಾದರೆ ಮುಗಿಯಿತು ಎಂಬುದು ಡಾಕ್ಟರಮ್ಮನ ವಾದ. ವಾದಕ್ಕೆ ಆಧಾರ ತಮ್ಮ ವರ್ಷಕ್ಕೊಂದರಂತೆ ಬರೆದಿಟ್ಟ ಮೂವತ್ತೊಂದು ನೋಟುಬುಕ್ಕುಗಳು. ಅಷ್ಟು ಹಿಂದಿನ ಲೆಕ್ಕ ಬೇರೆ ಯಾರ ಹತ್ತಿರವೂ ಇರಲಿಲ್ಲ.

ಅಕ್ಕ ಅಂದು ಅಂಗಡಿ ಮುಚ್ಚಿ, ದೇವರಿಗೆ ಕೈಮುಗಿದು, ವಿಚಾರಣೆಯ ಹಾಲಿನ ಕೊನೆಯ ಸಾಲಿನಲ್ಲಿ ಕೂತಳು. ತಮ್ಮನ ಹೆಸರು ನಾಲ್ಕು ಜನರ ಮುಂದೆ ಗೌರವದಿಂದ ಬರುವುದನ್ನು ಕಿವಿಯಾರೆ ಕೇಳಬೇಕೆಂದು ಅವಳ ಆಸೆ.

ಕೇಳಿದ್ದು ಬೇರೆ. ಕಾರ್ಖಾನೆಯ ಕಡೆಯ ತಜ್ಞ ಎದ್ದು ನಿಂತ. ಕುತ್ತಿಗೆಗೆ ಬಿಗಿದ ಟೈ, ಟೈಗೊಂದು ಪಿನ್ನು. ಅಕ್ಕ ಮನಸ್ಸಿನಲ್ಲೇ ಅವನಿಗೆ ಟೈ ಪಂಡಿತ ಎಂದು ಹೆಸರಿಟ್ಟಳು.

"ಅಧ್ಯಕ್ಷರೇ," ಎಂದ ಟೈ ಪಂಡಿತ, "ಈ ಪುಸ್ತಕಗಳಲ್ಲಿ ಮೊದಲ ಹನ್ನೊಂದು ವರ್ಷದ ಆಳ ಇರೋದು ಮೀಟರಿನಲ್ಲಿ ಅಲ್ಲ, ಮೊಳದಲ್ಲಿ. ಏಳು ಮೊಳ, ಏಳು ಮೊಳ, ಆರೂಮುಕ್ಕಾಲು ಮೊಳ. ಇದು ವಿಜ್ಞಾನವೋ ಹೂವಿನ ವ್ಯಾಪಾರವೋ?"

ಹಾಲಿನಲ್ಲಿ ನಗು ಹಬ್ಬಿತು.

"ಹೋಗಲಿ, ಡಾಕ್ಟರಮ್ಮನವರೇ ಅದನ್ನ ಮೀಟರಿಗೆ ತಿರುಗಿಸಿ ಕೊಟ್ಟಿದಾರೆ. ಅವರದೇ ಲೆಕ್ಕ ಓದ್ತೀನಿ. ಕಾರ್ಖಾನೆ ಬರೋ ಮುಂಚೆ ನೀರಿನ ತಿಳಿ ಮೂರು ಮೀಟರ್ ಹದಿನೈದು. ಕಾರ್ಖಾನೆ ಬಂದ ವರ್ಷ ಮೂರು ಮೀಟರ್ ಐವತ್ತು. ಅಂದ್ರೆ ನಾವು ಬಂದಮೇಲೆ ಕೆರೆ ಕೊಳೆಯಾಗಲಿಲ್ಲ, ತಿಳಿಯಾಯ್ತು. ಅದು ಮತ್ತೆ ಹಳೇ ಮಟ್ಟಕ್ಕೆ ಇಳಿಯೋಕೆ ಹತ್ತು ವರ್ಷ ಹಿಡೀತು. ಕೆರೆ ಏರುತ್ತೆ, ಇಳಿಯುತ್ತೆ, ಅದರ ಸ್ವಭಾವ. ಈವತ್ತು ಎರಡು ಮೀಟರ್ ನಲವತ್ತು ಇದ್ರೆ ಅದಕ್ಕೆ ನಾವು ಹೊಣೆಯೇ? ಅಥವಾ," ಎಂದು ಸ್ವಲ್ಪ ತಡೆದು, "ಓದು ಬರಹ ಅಷ್ಟಕ್ಕಷ್ಟೇ ಇದ್ದ ಒಬ್ಬ ದೋಣಿಯವನು ಕೈಗೆ ಬಂದದ್ದು ಗೀಚಿದ ಅನ್ನಬೇಕು. ಎರಡರಲ್ಲಿ ಯಾವುದಾದ್ರೂ ಒಪ್ಪಲಿ."

ಅಕ್ಕನ ಕಿವಿ ಬಿಸಿಯಾಯಿತು. ಡಾಕ್ಟರಮ್ಮ ಎದ್ದು ಹಾಳೆ ಹಾಳೆ ತಿರುವಿದರು, ತಪ್ಪು ಎಲ್ಲಿದೆಯೆಂದು ಸಿಗಲಿಲ್ಲ. ಅಧ್ಯಕ್ಷರು ಕನ್ನಡಕವನ್ನು ಹಣೆಗೇರಿಸಿ ಹೇಳಿದರು: "ಒಂದು ವಾರ ಕೊಡ್ತೀನಿ. ಅಷ್ಟರಲ್ಲಿ ಉತ್ತರ ಬರದಿದ್ರೆ ಮೊಳದ ಹನ್ನೊಂದು ಪುಸ್ತಕ ಪಕ್ಕಕ್ಕಿಟ್ಟು ತೀರ್ಮಾನ ಮಾಡ್ತೀವಿ."

ಆ ಹನ್ನೊಂದು ಹೋದರೆ ಕಾರ್ಖಾನೆ ಬರುವ ಮುಂಚಿನ ಸರೋವರವೇ ಹೋದಂತೆ. ಅದು ಅಕ್ಕನಿಗೂ ಅರ್ಥವಾಯಿತು. ಅವಳನ್ನು ಕೊರೆದದ್ದು ಮಾತ್ರ ಒಂದೇ ಮಾತು: ಕೈಗೆ ಬಂದದ್ದು ಗೀಚಿದ. ತಮ್ಮ ಬದುಕಿಡೀ ಒಂದೂ ಸುಳ್ಳು ಆಡಿದವನಲ್ಲ. ಅಂಥವನು ಸತ್ತ ತಿಂಗಳೊಳಗೆ ಸುಳ್ಳನಾದ.

ಎರಡು ದಿನದ ಮೇಲೆ ಮಧ್ಯಾಹ್ನ ಡಾಕ್ಟರಮ್ಮ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕುಕ್ಕರಿಸಿದರು. ಬಗಲಲ್ಲಿ ನೋಟುಬುಕ್ಕುಗಳ ಗಂಟು.

"ಎಲ್ಲಿ ತಪ್ಪಿದೆ ಅಂತ ಗೊತ್ತಾಗ್ತಿಲ್ಲ ಅಕ್ಕ. ಮೊಳದ ಕೊನೇ ವಾರ ಏಳು ಮೊಳ. ಮಾರನೇ ವಾರ ಕೇಂದ್ರದಿಂದ ಮೀಟರ್ ಗುರುತಿನ ಹೊಸ ಹಗ್ಗ ಕೊಟ್ರು. ಆ ದಿನ ಮೂರು ಮೀಟರ್ ಐವತ್ತೈದು. ಒಂದೇ ವಾರದಲ್ಲಿ ನಲವತ್ತು ಸೆಂಟಿಮೀಟರ್ ತಿಳಿಯಾಗೋಕೆ ಕೆರೆ ಏನು ಮುಖ ತೊಳ್ಕೊಂಡಿತಾ?"

"ಹಳೇ ಹಗ್ಗ?"

"ಅದು ಆಗಲೇ ಕೊಳೆತು ಹೋಗಿತ್ತು. ಅದಕ್ಕೇ ಹೊಸದು ಕೊಟ್ಟಿದ್ದು."

ಅಕ್ಕ ಒಂದು ಪೈಜಾಮಕ್ಕೆ ಲಾಡಿ ಕತ್ತರಿಸಲು ದಾರದುಂಡೆ ಬಿಚ್ಚುತ್ತಿದ್ದಳು. "ನೀವು ಮೊಳಾನ ಮೀಟರ್ ಮಾಡಿದ್ದು ಹೇಗೆ?"

"ಅದೇನು ಕಷ್ಟ? ಒಂದು ಮೊಳ ಅಂದ್ರೆ ಹದಿನೆಂಟು ಇಂಚು. ನಲವತ್ತೈದು ಸೆಂಟಿಮೀಟರ್. ಸ್ಕೂಲಲ್ಲೇ ಹೇಳಿಕೊಟ್ಟಿದ್ರಲ್ಲ."

"ಯಾರ ಕೈ?"

"ಏನು?"

"ಮೊಳ ಅಂದ್ರೆ ಮೊಣಕೈಯಿಂದ ನಡುಬೆರಳ ತುದಿ. ಹದಿನೆಂಟು ಇಂಚು ಸರಿ. ಯಾರ ಕೈ?"

ಡಾಕ್ಟರಮ್ಮ ತಮ್ಮ ಮೊಣಕೈಯನ್ನೇ ನೋಡಿಕೊಂಡರು. ಅಕ್ಕನಿಗೆ ತಮ್ಮ ಹೋದಮೇಲೆ ಮೊದಲ ಸಲ ನಗು ಬಂತು.

"ಅಯ್ಯೋ ತಾಯಿ, ಅವನನ್ನ ಮನೇಲಿ ಉದ್ದಗೈ ಅಂತ ಕರೀತಿದ್ವಿ. ಆರು ವರ್ಷದವನಾಗಿದ್ದಾಗ ನಾನು ನೆಲುವಿನ ಮೇಲೆ ಬೆಲ್ಲ ಬಚ್ಚಿಟ್ರೆ ಅದೂ ಅವನ ಕೈಗೆ ಸಿಗ್ತಿತ್ತು. ಅಂಗಡಿಯಿಂದ ತಂದ ಶರ್ಟು ಹಾಕಿದ್ರೆ ಮಣಿಕಟ್ಟು ಹೊರಗೆ. ಒಂದೊಂದು ತೋಳಿಗೂ ನಾನು ನಾಲ್ಕು ಬೆರಳು ಸೇರಿಸಿ ಹೊಲೀತಿದ್ದೆ. ಅವನ ಕೈಗೆ ಹದಿನೆಂಟು ಇಂಚು ಅಂದ್ರೆ ಅವನೇ ಎದ್ದು ಬಂದು ನಗ್ತಾನೆ."

ಡಾಕ್ಟರಮ್ಮನ ಮುಖ ಒಮ್ಮೆ ಬೆಳಗಿ, ಮತ್ತೆ ಬಾಡಿತು. "ಸರಿ ಅಕ್ಕ. ಆದ್ರೆ ಆ ಕೈ ಈಗ ಎಲ್ಲಿದೆ? ಬೂದಿ ಅಳೆಯೋಕಾಗತ್ತಾ? ಉದ್ದ ಇತ್ತು ಅಂತ ನೀವು ಹೇಳಿದ್ರೆ, ಅಕ್ಕ ಅಲ್ವಾ ಹೇಳದೇ ಇರ್ತಾಳಾ ಅಂತಾರೆ."

ಅದೂ ನಿಜವೇ. ಅಕ್ಕ ತಲೆ ತಗ್ಗಿಸಿ ಲಾಡಿ ಅಳೆಯತೊಡಗಿದಳು. ಮೇಜಿನ ಅಂಚಿನಲ್ಲಿ ಎರಡು ಹಿತ್ತಾಳೆಯ ಮೊಳೆಗಳಿದ್ದವು. ದಾರವನ್ನು ಈ ಮೊಳೆಗೆ ಸುತ್ತಿ ಆ ಮೊಳೆಗೆ ಎಳೆದು ಮತ್ತೆ ಇಲ್ಲಿಗೆ, ಮತ್ತೆ ಅಲ್ಲಿಗೆ. ಮೂರು ಎಳೆತಕ್ಕೆ ಒಂದು ಲಾಡಿ. ಟೇಪು ಹಿಡಿಯುವ ಗೋಜಿಲ್ಲ. ಎಷ್ಟು ಸಾವಿರ ಲಾಡಿ ಹಾಗೆ ಕತ್ತರಿಸಿದ್ದಳೋ ದೇವರೇ ಬಲ್ಲ. ಕೈ ತನ್ನ ಪಾಡಿಗೆ ಹೋಗಿ ಬರುತ್ತಿತ್ತು.

ಎರಡನೆಯ ಎಳೆತಕ್ಕೆ ಆ ಕೈ ನಿಂತುಬಿಟ್ಟಿತು.

"ಡಾಕ್ಟರಮ್ಮ," ಎಂದಳು ಅಕ್ಕ, ಬಹಳ ಮೆಲ್ಲಗೆ. "ಈ ಮೊಳೆ ಹೊಡೆದದ್ದು ಯಾರು ಗೊತ್ತಾ?"

ಮೂವತ್ತೊಂದು ವರ್ಷದ ಹಿಂದಿನ ಒಂದು ಬೆಳಗ್ಗೆ ಅವಳ ಕಣ್ಣಿಗೆ ಕಟ್ಟಿತು. ಮೇಜು ಹೊಸದು, ಇನ್ನೂ ವಾರ್ನಿಷಿನ ವಾಸನೆ. ತಮ್ಮ ಒಂದು ಸಿಂಬಿ ಹಗ್ಗ ತಂದು, ಮೇಜಿನ ಅಂಚಿಗೆ ತೋಳನ್ನು ಚಾಚಿಟ್ಟು, ಮೊಣಕೈ ತಾಗಿದಲ್ಲಿ ಒಂದು, ಬೆರಳ ತುದಿ ಮುಟ್ಟಿದಲ್ಲಿ ಒಂದು, ಠಣ್ ಠಣ್ ಎಂದು ಮೊಳೆ ಹೊಡೆದಿದ್ದ. ಆ ಎರಡರ ನಡುವೆ ಹಗ್ಗ ಎಳೆದೆಳೆದು ಗಂಟು ಹಾಕಿದ್ದ. ಪ್ರತಿ ಗಂಟಿಗೂ ಕೈ ಚಾಚಿದರೆ ಒಂದು ಹೆಚ್ಚು ಒಂದು ಕಡಿಮೆ ಆದೀತು ಎಂದು ಅವನ ಎಣಿಕೆ. ಹೊಸ ಮೇಜು ಹಾಳುಮಾಡಿದೆಯಲ್ಲೋ ಎಂದು ಅಕ್ಕ ಬೈದರೆ, "ಮೊಳ ತಪ್ಪದೇ ಇರಲಿ ಅಂತ ಮೊಳೆ ಅಕ್ಕ" ಎಂದು ನಕ್ಕಿದ್ದ.

ಅಕ್ಕ ಕೊರಳಲ್ಲಿ ತೂಗುತ್ತಿದ್ದ ಟೇಪನ್ನು ತೆಗೆದಳು. ಮೂವತ್ತೊಂದು ವರ್ಷ ಪಕ್ಕದಲ್ಲೇ ಇದ್ದ ಆ ಎರಡು ಮೊಳೆಗಳ ನಡುವನ್ನು ಅವಳು ಒಮ್ಮೆಯೂ ಅಳೆದಿರಲಿಲ್ಲ. ಈ ಮೊಳೆಯಿಂದ ಆ ಮೊಳೆಗೆ ಟೇಪು ಎಳೆದಳು.

"ಇಪ್ಪತ್ತು ಇಂಚು. ಒಂದು ನೂಲು ಹೆಚ್ಚಿಲ್ಲ, ಒಂದು ನೂಲು ಕಡಿಮೆ ಇಲ್ಲ."

ಡಾಕ್ಟರಮ್ಮ ಅಲ್ಲೇ ಬಿದ್ದಿದ್ದ ಸೀಮೆಸುಣ್ಣದ ಚೂರು ತೆಗೆದುಕೊಂಡು, ಯಾರದೋ ಪ್ಯಾಂಟಿಗೆಂದು ಹರಡಿದ್ದ ಕರಿಬಟ್ಟೆಯ ಮೇಲೇ ಲೆಕ್ಕ ಹಾಕಿದರು. ಏಳು ಮೊಳಕ್ಕೆ ನೂರ ನಲವತ್ತು ಇಂಚು. ಅಂದರೆ ಮೂರು ಮೀಟರ್ ಐವತ್ತೈದೂವರೆ ಸೆಂಟಿಮೀಟರು. ಗಂಟು ಬಿಚ್ಚಿ ಹನ್ನೆರಡನೆಯ ಪುಸ್ತಕದ ಮೊದಲ ಪುಟ ತೆಗೆದರು. ತಮ್ಮನ ಗುಂಡಗಿನ ಅಕ್ಷರ: ಹೊಸ ಹಗ್ಗ. ಗಾಳಿ ಇಲ್ಲ. ಸಿಗಡಿ ಮರಿ ಬಹಳ. ಮೂರು ಮೀಟರ್ ಐವತ್ತೈದು.

ಬಟ್ಟೆಯ ಎರಡು ತುಂಡು ಜೋಡಿಸಿದಾಗ ಹೊಲಿಗೆ ಕಾಣದಂತೆ ಕೂಡಿಬಿಟ್ಟರೆ ಹೇಗೋ ಹಾಗೆ ಎರಡು ಲೆಕ್ಕವೂ ಕೂಡಿಕೊಂಡವು.

"ಇದನ್ನ ವಿಚಾರಣೇಲಿ ಹೇಗೆ ತೋರಿಸೋದು? ಫೋಟೋ ತೆಗೀಲಾ?" ಎಂದರು ಡಾಕ್ಟರಮ್ಮ.

"ಫೋಟೋ ಯಾಕೆ? ಮೇಜೇ ಬರುತ್ತೆ," ಎಂದಳು ಅಕ್ಕ.

ಮೇಜು ಹೊರುವ ಪಾಡು ಪಕ್ಕದಂಗಡಿಯ ಬಡಗಿಗೆ ಬಿತ್ತು. ಆ ಮೇಜು ಮಾಡಿದವನೂ ಅವನೇ. ವಿಚಾರಣೆಯ ದಿನ ಅವನೂ ಅವನ ಅಣ್ಣ, ಭಾವಮೈದ ಸೇರಿ ಅದನ್ನು ಹೊತ್ತು ನಡುಬೀದಿಯಲ್ಲಿ ನಡೆದರು. ನಾಲ್ಕನೆಯ ಮೂಲೆಗೆ ಡಾಕ್ಟರಮ್ಮ. ಮುಂದೆ ಎನಾಮಲ್ ತಟ್ಟೆ ಹಿಡಿದುಕೊಂಡು ಅಕ್ಕ. ದಾರಿಯಲ್ಲಿ ಜನ ನಿಂತು ನೋಡಿದರು.

"ಏನಕ್ಕ, ಅಂಗಡಿ ಖಾಲಿ ಮಾಡ್ತಿದೀರಾ?" ಎಂದು ಯಾರೋ ಕೇಳಿದರು.

"ಇಲ್ಲಪ್ಪ, ಮೇಜು ಸಾಕ್ಷಿ ಹೇಳೋಕೆ ಹೊರಟಿದೆ," ಎಂದ ಬಡಗಿ. "ನಾಲ್ಕು ಕಾಲಿದೆ, ಆದ್ರೂ ಹೊರಿಸ್ಕೊಂಡೇ ಹೋಗ್ತದೆ. ದೊಡ್ಡ ಸಾಕ್ಷಿ ಅಲ್ವಾ."

ಹಾಲಿನ ಬಾಗಿಲು ಕಿರಿದು. ಮೇಜನ್ನು ಮಗ್ಗುಲಾಗಿ ಮಲಗಿಸಿ, ಕಾಲು ಮೊದಲು ತೂರಿಸಿ, ಕೊನೆಗೆ ಒಳಗೆ ತಂದು ಅಧ್ಯಕ್ಷರ ಮುಂದೆ ಇಳಿಸಿದರು. ಅಧ್ಯಕ್ಷರು ತಮ್ಮ ನೀರಿನ ಲೋಟವನ್ನು ಪಕ್ಕಕ್ಕೆ ಸರಿಸಿಕೊಂಡರು.

ಡಾಕ್ಟರಮ್ಮ ಎದ್ದು ನಿಂತು ಮೊದಲು ಆಡಿದ ಮಾತು ಅಕ್ಕ ಎಂದೂ ಮರೆಯಲಿಲ್ಲ. "ಅಧ್ಯಕ್ಷರೇ, ಹೋದ ವಾರ ಇಲ್ಲಿ ಒಂದು ತಪ್ಪು ಬಯಲಾಯ್ತು. ಅದು ದೋಣಿಯವರದ್ದಲ್ಲ. ನನ್ನದು. ಅವರು ತಮ್ಮ ಕೈಯಿಂದ ಅಳೆದ್ರು. ನಾನು ಪಾಠದ ಪುಸ್ತಕದ ಕೈಯಿಂದ ತಿರುಗಿಸಿದೆ." ಆಮೇಲೆ ಮೊಳೆಗಳ ವಿಷಯ ಹೇಳಿ, ಕೂಡಿಕೊಂಡ ಎರಡು ಲೆಕ್ಕ ತೋರಿಸಿದರು. ಹನ್ನೊಂದು ವರ್ಷ ಸರೋವರದ ತಿಳಿ ಮೂರೂವರೆ ಮೀಟರಿನ ಆಸುಪಾಸಿನಲ್ಲೇ ಅಲುಗದೆ ನಿಂತಿತ್ತು. ಇಳಿಯತೊಡಗಿದ್ದು ಕೊಳವೆ ಬಿದ್ದ ವರ್ಷ. ಆಮೇಲೆ ಒಂದು ವರ್ಷವೂ ಏರಿರಲಿಲ್ಲ.

ಟೈ ಪಂಡಿತ ಎದ್ದ. ಅವನ ದನಿಯಲ್ಲಿ ಹೋದ ವಾರದ ಸಡಗರವಿರಲಿಲ್ಲವಾದರೂ ಬುದ್ಧಿ ಚುರುಕಾಗಿಯೇ ಇತ್ತು. "ಈ ಮೊಳೆ ಹೋದ ವಾರ ಹೊಡೆದದ್ದಲ್ಲ ಅನ್ನೋಕೆ ಏನು ಗ್ಯಾರಂಟಿ?"

"ನಾನಿದೀನಿ ಸ್ವಾಮಿ," ಎಂದ ಬಡಗಿ. "ಮೇಜು ಮಾಡಿಕೊಟ್ಟು ಮೂರು ದಿನ ಆಗಿರಲಿಲ್ಲ, ಆ ಪುಣ್ಯಾತ್ಮ ಮೊಳೆ ಜಡಿದ. ಒಂದು ತಿಂಗಳು ಅವನ ಜೊತೆ ಮಾತು ಬಿಟ್ಟಿದ್ದೆ."

"ಇವರು ನೆರೆಯವರು," ಎಂದ ಟೈ ಪಂಡಿತ.

ಅಧ್ಯಕ್ಷರು ಎದ್ದು ಬಂದು ಬಗ್ಗಿ ನೋಡಿದರು. ದಾರ ಉಜ್ಜಿ ಉಜ್ಜಿ ಮೊಳೆಯ ತಲೆ ಒಂದು ಮಗ್ಗುಲಿಗೆ ಸವೆದಿತ್ತು. ಮರದಲ್ಲಿ ಉಗುರು ಕೂರುವಷ್ಟು ಗೀರು ಬಿದ್ದಿತ್ತು. ಬೆರಳಾಡಿಸಿ ನೋಡಿ ಅವರು ಅಕ್ಕನ ಕಡೆ ತಿರುಗಿದರು. "ಮೇಲೆ ನೋಡಿದ್ರೆ ಹಳೇದೇ ಅನ್ನಿಸ್ತದಮ್ಮ. ಆದ್ರೆ ಒಳಗೆ ನೋಡಿದ್ರೆ ಯಾರೂ ಎರಡು ಮಾತಾಡೋ ಹಾಗಿರಲ್ಲ. ಒಂದು ಮೊಳೆ ಕೀಳಿಸಬಹುದಾ?"

ಅಕ್ಕನ ಅಂಗೈ ತಾನೇ ಹೋಗಿ ಮೊಳೆಯನ್ನು ಮುಚ್ಚಿತು. ತಮ್ಮನ ಕೈ ಎಂದು ಈ ಲೋಕದಲ್ಲಿ ಉಳಿದದ್ದು ಅದೊಂದೇ. ಒಂದು ಮೊಳೆ ಕಿತ್ತರೆ ಆ ಕೈ ತುಂಡಾದಂತೆ. ಕೀಳದೆ ಬಿಟ್ಟರೆ ಕೈಗೆ ಬಂದದ್ದು ಗೀಚಿದ ಎಂಬ ಮಾತು ಉಳಿದಂತೆ. ಅವಳು ಕಣ್ಣುಮುಚ್ಚಿ ದೇವರನ್ನು ನೆನೆದಳು. ಆಮೇಲೆ ಕೈ ತೆಗೆದಳು.

"ಕೀಳಿ," ಎಂದಳು. "ಅವನ ಮೊಳ ಹೋದ್ರೂ ಹೋಗಲಿ. ಅವನ ಮಾತು ಉಳೀಲಿ."

ಬಡಗಿ ಇಕ್ಕಳ ತೆಗೆದ. ಮೊಳೆ ಸುಲಭಕ್ಕೆ ಬರಲಿಲ್ಲ. ಮರ ಅದನ್ನು ಕಚ್ಚಿ ಹಿಡಿದಿತ್ತು. ಕೊನೆಗೆ ಕಿರ್ ಎಂದು ಹೊರಗೆ ಬಂತು. ಅದರ ಮೈಯೆಲ್ಲ ಹಸಿರು ಕಿಲುಬು. ತೂತಿನ ಒಳಗೋಡೆಗೂ ಅದೇ ಹಸಿರು ಹತ್ತಿ ಮರ ಕಪ್ಪಾಗಿತ್ತು. ಅಧ್ಯಕ್ಷರು ಮೊಳೆಯನ್ನು ಬೆಳಕಿಗೆ ಹಿಡಿದು, ಟೈ ಪಂಡಿತನ ಕೈಗೆ ಕೊಟ್ಟರು.

"ಒಂದು ವಾರದಲ್ಲಿ ಹಿತ್ತಾಳೆ ಹೀಗಾಗೋದು ನಿಮ್ಮ ವಿಜ್ಞಾನದಲ್ಲಿ ಇದೆಯಾ?"

ಅವನು ಮೊಳೆಯನ್ನು ತಿರುಗಿಸಿ ತಿರುಗಿಸಿ ನೋಡಿದ. ಸುಳ್ಳು ಹೇಳಲು ಅವನಿಗೂ ಮನಸ್ಸು ಬರಲಿಲ್ಲ. "ಇಲ್ಲ," ಎಂದು ಅದನ್ನು ಅಕ್ಕನ ಅಂಗೈಯಲ್ಲಿಟ್ಟ.

ಬಡಗಿ ಅದೇ ತೂತಿಗೆ ಅದೇ ಮೊಳೆಯನ್ನು ನೆಟ್ಟಗೆ ಇಳಿಸಿದ. ಅಕ್ಕ ಟೇಪು ಹಿಡಿದಳು. ಇಪ್ಪತ್ತು ಇಂಚು. ಒಂದು ನೂಲೂ ಕದಲಿರಲಿಲ್ಲ.

ಅಧ್ಯಕ್ಷರು ಒಳಗೆ ಹೋಗಿ ತೀರ್ಮಾನ ಬರೆಯುವಷ್ಟರಲ್ಲಿ ಹಾಲಿನಲ್ಲಿ ಒಂದು ಚೋದ್ಯ ನಡೆಯಿತು. ಮೊದಲು ಒಬ್ಬ ಗುಮಾಸ್ತ ಬಂದು ಮೇಜಿನ ಅಂಚಿಗೆ ತೋಳು ಚಾಚಿ ನೋಡಿದ. ಬೆರಳು ಎರಡನೆಯ ಮೊಳೆ ಮುಟ್ಟಲಿಲ್ಲ. ಆಮೇಲೆ ಇನ್ನೊಬ್ಬ. ಬಡಗಿ ತೋಳೇರಿಸಿ ಬಂದ. ಅವನಿಗೂ ಒಂದಂಗುಲ ಕಡಿಮೆ. "ನಿಂದು ಬಾಯಿ ಮಾತ್ರ ಉದ್ದ," ಎಂದ ಅವನ ಅಣ್ಣ. ಟೈ ಪಂಡಿತನೂ ನಾಚಿಕೆ ಬಿಟ್ಟು ಕೋಟು ಕಳಚಿ ಕೈಯಿಟ್ಟ. ಸರಿಯಾಗಿ ಹದಿನೆಂಟು ಇಂಚು. ಪಾಠದ ಪುಸ್ತಕದ ಕೈ. ಆ ಎರಡು ಮೊಳೆಗಳ ನಡುವನ್ನು ತುಂಬುವ ಕೈ ಆ ಹಾಲಿನಲ್ಲಿ ಒಂದೂ ಇರಲಿಲ್ಲ. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ನಕ್ಕಳು, ನಗುತ್ತ ಮತ್ತೆ ಒರೆಸಿಕೊಂಡಳು.

ತೀರ್ಮಾನ ಚಿಕ್ಕದಾಗಿತ್ತು. ಎರಡನೆಯ ಕೊಳವೆ ಇಲ್ಲ. ಮೊದಲನೆಯ ಕೊಳವೆಯ ನೀರನ್ನು ಶುದ್ಧಮಾಡದೆ ಸರೋವರಕ್ಕೆ ಬಿಡಕೂಡದು. ಮೂವತ್ತೊಂದು ಪುಸ್ತಕಗಳೂ ನಂಬತಕ್ಕ ದಾಖಲೆ. ಕೊನೆಯ ವಾಕ್ಯವನ್ನು ಅಧ್ಯಕ್ಷರು ಎರಡು ಸಲ ಓದಿದರು, ಅಕ್ಕನ ಕಡೆ ನೋಡಿಕೊಂಡು.

ಮೇಜು ಬಂದ ದಾರಿಯಲ್ಲೇ ಮರಳಿತು. ಈ ಸಲ ಹೊರುವವರು ಹತ್ತು ಜನ. ಮೇಜಿಗೆ ಕೈ ಹಚ್ಚಲು ಜಾಗ ಸಾಲದೆ ನಾಲ್ವರು ಬರಿದೆ ಜೊತೆಗೆ ನಡೆದರು. ಮರುವರ್ಷ ಡಾಕ್ಟರಮ್ಮನ ಲೇಖನ ಅಚ್ಚಾಯಿತು. ಅದರಲ್ಲಿ ಒಂದು ಸಾಲು: ಇಲ್ಲಿ ಮೊಳ ಎಂದರೆ ದೋಣಿಯವರ ಮೊಳ, ಇಪ್ಪತ್ತು ಇಂಚು. ಆ ಪುಟವನ್ನು ಅಕ್ಕ ಚೌಕಟ್ಟು ಹಾಕಿಸಿ ಮೇಜಿನ ಮೇಲ್ಗಡೆ ತೂಗುಹಾಕಿದಳು. ಗಿರಾಕಿಗಳು ಏನಿದು ಎಂದರೆ, "ಕೂತ್ಕೊಳ್ಳಿ, ಹೇಳ್ತೀನಿ," ಎನ್ನುತ್ತಿದ್ದಳು. ಬಟ್ಟೆ ತಡವಾದರೂ ಕಥೆ ತಡವಾಗುತ್ತಿರಲಿಲ್ಲ.

ತಮ್ಮ ಹೋದ ಮೂರನೆಯ ವರ್ಷ, ಅದೇ ದಿನ ಬೆಳಗ್ಗೆ, ಡಾಕ್ಟರಮ್ಮ ಅಕ್ಕನನ್ನು ದೋಣಿಗೆ ಹತ್ತಿಸಿಕೊಂಡರು. ನೀರೆಂದರೆ ಅಕ್ಕನಿಗೆ ಹೆದರಿಕೆ. ದೋಣಿಯಂಚನ್ನು ಬಿಗಿಹಿಡಿದು ಕೂತಿದ್ದಳು. ಸರೋವರದ ನಡುವೆ ನಿಂತಾಗ ಡಾಕ್ಟರಮ್ಮ ತಟ್ಟೆಯನ್ನು ಅವಳ ಕೈಗೆ ಕೊಟ್ಟರು.

ಅಕ್ಕ ಹಗ್ಗ ಬಿಡುತ್ತ ಹೋದಳು. ಅವಳ ಹಳೆಯ ತಟ್ಟೆ, ಎಷ್ಟೋ ಸಲ ತಮ್ಮನಿಗೆ ಅನ್ನ ಬಡಿಸಿದ ತಟ್ಟೆ, ಬೆಳ್ಳಗೆ, ಹಸಿರಾಗಿ, ಮಸುಕಾಗಿ ಇಳಿಯಿತು.

"ಹೋಯ್ತು," ಎಂದಳು. ಮೆಲ್ಲನೆ ಮೇಲಕ್ಕೆಳೆದಳು. ಕತ್ತಲೆಯಲ್ಲಿ ಒಂದು ಬಿಳಿ ಚುಕ್ಕೆ ಮೂಡಿತು.

"ಬಂತು."

ಡಾಕ್ಟರಮ್ಮ ಹಗ್ಗದ ಗುರುತು ನೋಡಿ, ಎರಡನ್ನೂ ಕೂಡಿ, ಅರ್ಧಮಾಡಿ, ಆಳ ಬರೆದುಕೊಂಡರು. "ಎರಡು ಮೀಟರ್ ಐವತ್ನಾಲ್ಕು. ಏರಿದೆ ಅಕ್ಕ. ಕೊಳವೆ ಬಿದ್ದಾಗಿನಿಂದ ಮೊದಲ ಸಲ ಏರಿದೆ."

ಅಕ್ಕ ಮನಸ್ಸಿನಲ್ಲೇ ಇಂಚಿಗೆ ತಿರುಗಿಸಿದಳು. ನೂರು ಇಂಚು. "ಐದು ಮೊಳ," ಎಂದಳು. "ಇನ್ನೆರಡು ಮೊಳ ಬಾಕಿ."

ಆಮೇಲೆ ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು, ತೊಟ್ಟಿಕ್ಕುವ ನೀರಿನಲ್ಲಿ ಸೀರೆ ನೆನೆಯುತ್ತಿದ್ದರೂ ಲೆಕ್ಕಿಸದೆ, ಕೈಮುಗಿದು ಕಣ್ಣುಮುಚ್ಚಿದಳು.

"ದೇವರೇ, ನಮ್ಮ ಕಣ್ಣಿಗೆ ಮರೆಯಾದವನು ನಿನ್ನ ಕಣ್ಣಿಗೆ ಕಾಣುತ್ತಲೇ ಇರಲಿ. ಇಲ್ಲಿ ಅವನು 'ಹೋಯ್ತು' ಅಂದದ್ದನ್ನು ನಾವು ಕೇಳಿದೆವು. ಅಲ್ಲಿ 'ಬಂತು' ಅಂದದ್ದನ್ನು ನೀನು ಕೇಳಿಸಿಕೊಂಡಿರುತ್ತೀಯೆ. ಅವನ ಕೈ ಯಾರನ್ನೂ ತಪ್ಪಾಗಿ ಅಳೆಯಲಿಲ್ಲ. ನೀನೂ ಅವನನ್ನು ಕರುಣೆಯಿಂದಲೇ ಅಳೆ. ತಿಳಿನೀರಿನ ಹಾಗೆ ಅವನಿಗೆ ಶಾಂತಿ ಕೊಡು, ತಂದೆ."